ತಿಕೋಟೆಯ ಶನಿವಾರ

ವಿಜಯಪುರದಿಂದ ಪಶ್ಚಿಮಕ್ಕೆ ಸುಮಾರು ೨೦ ಕಿಲೋಮೀಟರು ಸಾಗಿದರೆ ತಿಕೋಟೆಯು ಸಿಗುವುದು. ಅದೇ ನನ್ನ ಬಾಲ್ಯದ ಊರು. ಜೋಳದಿಂದ ಚೆಂಡಿನವರೆಗೆ ಎಲ್ಲವೂ ದೊರೆಯುವ ಅಂಗಡಿಯೊಂದು ನಮ್ಮ ಓಣಿಯಲ್ಲಿದ್ದಿತು. ೧೯೭೨ರ ಬರಗಾಲದಲ್ಲಿ ತಂದೆಯವರು ಅಲ್ಲಿಂದ ಉದ್ರಿಯಾಗಿ ಜೋಳವನ್ನು ತಂದರು. ಮೂರು ವರ್ಷ ಕಳೆದರೂ ಆ ಋಣವು ತೀರಲಿಲ್ಲ. ಲಜ್ಜೆಯಿಂದ ನಾನು ಬೇರೆ ಓಣಿಯಿಂದ ಶಾಲೆಗೆ ಹೋಗುತ್ತಿದ್ದೆನು.

ಶನಿವಾರ ಮುಂಜಾನೆಯ ಶಾಲೆ, ಬಿಟ್ಟೊಡನೆ ಕಾಲ್ಚೆಂಡಾಟ. ಬಬಲೇಶ್ವರದ ಹುಡುಗರು ಸೈಕಲ್ಲುಗಳ ಮೇಲೆ ಬಂದ ದಿನವೇ ನಮ್ಮ ಚೆಂಡಿನ ಬ್ಲಾಡರು ಒಡೆಯಿತು. ಅಂಗಡಿಯವರು ನನ್ನನ್ನೇ ಕರೆದು ಹೊಸದೊಂದನ್ನು ಕೈಯಲ್ಲಿಟ್ಟು, “ಉದ್ರಿ ನಿಮ್ಮಪ್ಪಂದು, ಆಟ ನಿಂದು, ಹೋಗೋ ತಮ್ಮಾ” ಎಂದರು.

ಅಂದು ನಾವು ಸೋತೆವು. ಮುಂದೆ ಮೊದಲ ಸಂಬಳದಲ್ಲಿ ಜೋಳದ ಋಣವನ್ನು ತೀರಿಸಿದೆನು. ಬ್ಲಾಡರಿನ ಬೆಲೆಯನ್ನು ಮಾತ್ರ ಅವರು ಮುಟ್ಟಲಿಲ್ಲ. ಇಂದು ತಿಕೋಟೆಯು ತಾಲೂಕಿನ ಊರಾಗಿದೆ. ಸುತ್ತಲೂ ದ್ರಾಕ್ಷಿಯ ತೋಟಗಳಿವೆ. ಆ ಅಂಗಡಿಯಿಲ್ಲ. ಆದರೂ ಊರಿಗೆ ಹೋದಾಗ ನಾನು ಆ ಓಣಿಯಿಂದಲೇ ನಡೆಯುವೆನು.