ಚರಗಿಯ ಬಾಯಿ

ಡಿಸೆಂಬರ್ ಸಂಜೆ. ಬಾಗಲಕೋಟೆ ಕಡೆಯ ಬಾಡಗಂಡಿಯಲ್ಲಿ ಕಬ್ಬು ನುರಿಸುವ ಹಂಗಾಮು. ಸಕ್ಕರೆ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೊರಟಿವೆ. ಒಂದೊಂದರಲ್ಲಿ ಒಂದೊಂದು ಹಾಡು, ಎಲ್ಲವೂ ಏರುದನಿಯಲ್ಲೇ. ಗಾಳಿ ಈ ಕಡೆ ತಿರುಗಿದಾಗೆಲ್ಲ ಕಾಕಂಬಿಯ ಹುಳಿ ವಾಸನೆ. ನೀವು ಪಡಸಾಲೆಯಲ್ಲಿ ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲಿಗೆ ಪ್ಯಾಡ್ ಆನಿಸಿಕೊಂಡು ಕೂತಿದ್ದೀರಿ. ಎದುರಿಗೆ ಮಣೆ, ಮಣೆಯ ಮೇಲೆ ಹಿತ್ತಾಳೆ ಚರಗಿ, ಪಕ್ಕದಲ್ಲಿ ಎರಡು ಉಳ್ಳಾಗಡ್ಡಿ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಹತ್ತಿರ ಬಂದಿದೆ.

ಮಾಸ್ತರು ಹೇಳಿದ್ದೆಲ್ಲ ತಲೆಯಲ್ಲಿದೆ. ಗೆರೆಯನ್ನು ಮಣಿಕಟ್ಟಿನಿಂದಲ್ಲ, ಭುಜದಿಂದ ಎಳಿ. ಕಾಗದ ಮುಟ್ಟುವ ಮೊದಲು ಗಾಳಿಯಲ್ಲಿ ಒಂದು ಸಲ ಎಳೆದು ನೋಡು. ದೊಡ್ಡ ಆಕಾರ ಮೊದಲು, ಸಣ್ಣದು ಆಮೇಲೆ. ಹಿಂದಿನ ಬದಿ ಕಾಣದಿದ್ದರೂ ತೆಳ್ಳಗೆ ಎಳಿ. ರಬ್ಬರಿಗೆ ಕೈ ಹಾಕಬೇಡ. ಇಷ್ಟನ್ನೂ ಒಟ್ಟಿಗೆ ನೆನೆಯುತ್ತ ಪೆನ್ಸಿಲ್ ಎತ್ತುತ್ತೀರಿ. ಪೆನ್ಸಿಲ್ ಮೇಲೇ ನಿಂತುಬಿಡುತ್ತದೆ. ಭುಜವನ್ನು ಗಮನಿಸಿದರೆ ಅಳತೆ ಮರೆಯುತ್ತದೆ. ಅಳತೆ ಹಿಡಿದರೆ ಮಣಿಕಟ್ಟು ತನ್ನಷ್ಟಕ್ಕೆ ತಾನೇ ಗೀಚತೊಡಗುತ್ತದೆ.

ಐದು ಮಾತುಗಳನ್ನೂ ಒಂದೇ ಹಾಳೆಯಲ್ಲಿ ಪಾಲಿಸಹೊರಟವರಿಗೆ ಒಂದೂ ದಕ್ಕುವುದಿಲ್ಲ. ಹಾಳೆಯ ಮೂಲೆಯಲ್ಲಿ ಒಂದೇ ಮಾತು ಬರೆದುಕೊಳ್ಳಿ, ಉಳಿದ ನಾಲ್ಕು ಇವತ್ತು ಕೆಡಲಿ. ಇದು ಸೋಮಾರಿಗಳ ಉಪಾಯ ಅನ್ನುವವರಿದ್ದಾರೆ. ಅವರ ಹಾಳೆಗಳನ್ನೂ ನೋಡಿದ್ದೇನೆ. ನೀವು ಮೂಲೆಯಲ್ಲಿ ಸಣ್ಣಗೆ ಬರೆಯುತ್ತೀರಿ: ‘ಹಿಂದಿನ ಬದಿ: ಬಾಯಿ, ತಳ.’

ಈಗ ಚರಗಿಯನ್ನು ನೋಡಿ. ಅದು ನೆಲದ ಹತ್ತಿರ, ನಿಮ್ಮ ಕಣ್ಣು ಅದಕ್ಕಿಂತ ಮೇಲೆ. ಅದರ ಬಾಯಿ ಗುಂಡಗಿದೆ ಎಂಬುದು ನಿಮಗೆ ಹುಟ್ಟಾ ಗೊತ್ತು, ಆದರೆ ಇಲ್ಲಿಂದ ಅದು ಗುಂಡಗೆ ಕಾಣುವುದಿಲ್ಲ. ಮೇಲಿಂದ ಕೆಳಗೆ ಒತ್ತಿದ ಹಾಗಿದೆ, ಗಣಿತದ ಪುಸ್ತಕದ ದೀರ್ಘವೃತ್ತ. ಬಗ್ಗಿ, ಗಲ್ಲ ಚಾಪೆಗೆ ತಾಗುವಷ್ಟು ಬಗ್ಗಿ, ಕಣ್ಣನ್ನು ಅಂಚಿನ ಮಟ್ಟಕ್ಕೆ ತನ್ನಿ. ಬಾಯಿ ಮುಚ್ಚಿ ಬರೀ ಒಂದು ಗೆರೆಯಾಯಿತು. ಮೆಲ್ಲಗೆ ಎದ್ದಂತೆ ತೆರೆಯುತ್ತ ಬಂತು. ಅಂಚಿಗಿಂತ ಕೆಳಗಿರುವ ಕೊರಳಿನ ಸುತ್ತು ಇನ್ನೂ ಸ್ವಲ್ಪ ತುಂಬಿಕೊಂಡಿದೆ, ಎಲ್ಲಕ್ಕಿಂತ ಕೆಳಗಿನ ತಳದ ಸುತ್ತು ಇನ್ನೂ ಹೆಚ್ಚು. ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ಸುತ್ತು ಅಗಲವಾಗಿ ತೆರೆಯುತ್ತದೆ. ನಿಯಮ ಇಷ್ಟೇ.

ನಿಮ್ಮ ಕಾಗದದ ಮೇಲೆ ಮಾತ್ರ ತಳ ಸಪಾಟಾಗಿದೆ, ಅಡ್ಡಪಟ್ಟಿ ಇಟ್ಟು ಎಳೆದ ಹಾಗೆ. ಚರಗಿ ಮಣೆಯ ಮೇಲೆ ಅಲುಗದೆ ನಿಂತಿದೆ, ಅಂದಮೇಲೆ ತಳ ಸಪಾಟೇ ಎಂದು ತಲೆ ಹೇಳಿತು, ಕೈ ನಂಬಿತು. ಬಾಯಿಯ ಎರಡು ತುದಿಗಳೂ ಎಲೆಯ ತುದಿಯಂತೆ ಚೂಪಾಗಿವೆ. ನಿಜದ ಅಂಚು ಎಲ್ಲಿಯೂ ಮುರಿಯುವುದಿಲ್ಲ, ತುದಿಯಲ್ಲೂ ಹೊರಳಿಯೇ ಹೋಗುತ್ತದೆ. ರಬ್ಬರ್ ಬೇಡ. ಅದೇ ತಪ್ಪಿನ ಮೇಲೆ, ಸುತ್ತನ್ನು ಹಿಂಬದಿಯೂ ಸೇರಿಸಿ, ಪೂರ್ತಿಯಾಗಿ ಎರಡು ಸಲ ತಿರುಗಿಸಿ. ಎರಡನೆಯ ಸಲ ಕೈಗೆ ದಾರಿ ಸಿಗುತ್ತದೆ.

ಟ್ರ್ಯಾಕ್ಟರಿನ ಹಾಡು ಇಲ್ಲದಿದ್ದರೆ ಮನಸ್ಸು ನಿಲ್ಲುತ್ತಿತ್ತು ಅಂತ ಅನಿಸುತ್ತಿದೆ ಅಲ್ಲವೇ? ಹಾಡಿನ ಮೇಲೆ ತಪ್ಪು ಹೊರಿಸಬೇಡಿ. ಹೊರಗಿನ ಗದ್ದಲಕ್ಕಿಂತ ಕೆಟ್ಟ ಗದ್ದಲ, ನೀವು ಮೊದಲೇ ಬಲ್ಲ, ತಲೆಯೊಳಗಿನ ಇನ್ನೊಂದು ಚರಗಿಯದು. ಎದುರಿಗಿರುವುದನ್ನು ಒಮ್ಮೆ ನೋಡಿ, ಬಲ್ಲದ್ದನ್ನು ಹತ್ತು ಗೆರೆ ಎಳೆಯುತ್ತೀರಿ. ಅಮೆರಿಕದ ಚಿತ್ರಕಲಾ ಗುರು ಕಿಮೋನ್ ನಿಕೊಲೈಡ್ಸ್ ಇದಕ್ಕೊಂದು ಮದ್ದು ಕೊಟ್ಟಿದ್ದರು. 1938ರಲ್ಲಿ ಅವರು ತೀರಿಕೊಂಡ ಮೇಲೆ, 1941ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಅದು ಮೊಟ್ಟಮೊದಲ ಅಭ್ಯಾಸ: ಕಾಗದ ನೋಡಬೇಡಿ. ಪೆನ್ಸಿಲಿನ ಮೊನೆ ವಸ್ತುವಿನ ಅಂಚನ್ನೇ ಸವರುತ್ತಿದೆ ಎಂದು ನಂಬಿಕೆ ಬರುವತನಕ ಕಾಯಿರಿ, ಆಮೇಲೆ ಕಣ್ಣು ಹರಿದ ವೇಗದಲ್ಲೇ ಕೈ ಹರಿಯಲಿ. ಮಾಡಿ ನೋಡಿ. ಬಂದ ಚಿತ್ರ ಸೊಟ್ಟ, ಮನೆಯವರಿಗೆ ತೋರಿಸುವ ಹಾಗಿಲ್ಲ. ಆದರೆ ಕೊರಳು ಹೊಟ್ಟೆಗೆ ಇಳಿಯುವಲ್ಲಿ ಒಂದು ಸಣ್ಣ ನೆಗ್ಗು ಸಿಕ್ಕಿದೆ. ಯಾವಾಗಲೋ ಬಾವಿಕಟ್ಟೆಗೆ ಬಡಿದದ್ದಿರಬೇಕು.

ಅಷ್ಟರಲ್ಲಿ ಒಳಗಿಂದ ದನಿ: “ಆ ಚರಗಿ ಕೊಡ ಇಲ್ಲಿ, ನಿಮ್ಮಪ್ಪ ಹೊಲದಿಂದ ಬಂದಾನ, ಕೈಕಾಲ ತೊಳಕೋಬೇಕು.”

“ಅವ್ವಾ, ಇನ್ನ ಸ್ವಲ್ಪ ಐತಿ...”

“ಚಿತ್ರದಾಗಿನ ಚರಗಿಲೆ ನೀರ ಹಾಕ್ಲೇನು?”

ಚರಗಿ ಹೋಯಿತು. ಮಣೆಯ ಮೇಲೆ ಉಳ್ಳಾಗಡ್ಡಿ ಎರಡೇ. ಹಾಳೆ ಮಗುಚಿ ನೆನಪಿನಿಂದ ಎಳೆಯಿರಿ. ಇಂಥ ಅಡ್ಡಿ ಬರುವುದೇ ಒಳ್ಳೆಯದು. ಅಂಚು ಬಂತು, ನೆಗ್ಗು ಬಂತು, ಹೊಟ್ಟೆಯೂ ಬಂತು. ಹೊಟ್ಟೆಯ ಕೆಳಗೆ ಪೆನ್ಸಿಲ್ ತಡವರಿಸುತ್ತದೆ. ಚರಗಿಗೆ ತಳದಲ್ಲಿ ಬಳೆಯಂಥ ಪಟ್ಟಿ ಇತ್ತೋ, ಇಲ್ಲವೋ? ಇಷ್ಟು ಹೊತ್ತು ಎದುರಿಗಿಟ್ಟುಕೊಂಡು ಕೂತಿದ್ದರೂ ಸುತ್ತನ್ನು ಬಿಟ್ಟು ಅಲ್ಲಿ ಬೇರೇನನ್ನೂ ಕಣ್ಣು ಹುಡುಕಿಯೇ ಇಲ್ಲ. ಚರಗಿ ಒದ್ದೆಯಾಗಿ ತಿರುಗಿ ಬಂದಾಗ ನೀವು ಮೊದಲು ನೋಡುವುದು ಆ ತಳವನ್ನು. ಹುಡುಕುವುದು ಏನು ಎಂದು ಗೊತ್ತಿದ್ದರೆ ಏಕಾಗ್ರತೆಗಾಗಿ ಬೇರೆ ಕಸರತ್ತು ಬೇಕಾಗುವುದಿಲ್ಲ.

ನೆರಳು ತುಂಬುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಲಾರೆ. ಅದು ಬೇಸರದ ಕೆಲಸ, ಬೇಸರಪಟ್ಟುಕೊಂಡೇ ಮಾಡಬೇಕು. ಇಂಗ್ಲೆಂಡಿನ ಕಲಾ ವಿಮರ್ಶಕ ಜಾನ್ ರಸ್ಕಿನ್ 1857ರ ತನ್ನ ಡ್ರಾಯಿಂಗ್ ಪುಸ್ತಕವನ್ನು ಶುರು ಮಾಡುವುದೇ ಹೀಗೆ: ಒಂದು ಪುಟ್ಟ ಚೌಕದೊಳಗೆ ಗೆರೆಯ ಮೇಲೆ ಗೆರೆ ಎಳೆದು, ಎಲ್ಲಿಯೂ ಹೆಚ್ಚುಕಡಿಮೆಯಾಗದ ಹಾಗೆ ಒಂದೇ ಬಣ್ಣ ತರಬೇಕು. ಚಿತ್ರವಿಲ್ಲ, ಚೆಂದವಿಲ್ಲ. ಕೈ ಸೋತರೆ ಎದ್ದು ಒಂದು ಸುತ್ತು ಹೋಗಿ ಬನ್ನಿ, ಸೋತ ಕೈ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ.

ರವಿವಾರ ನೀವು ಬಾದಾಮಿಯಲ್ಲಿದ್ದೀರಿ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ, ಮೆಟ್ಟಿಲು ಹತ್ತಿ, ಮಂಗಗಳಿಂದ ಚೀಲ ಕಾಪಾಡಿಕೊಂಡು ಒಂದನೆಯ ಗುಹೆಯ ಮುಂದೆ ಕುಳಿತಿದ್ದೀರಿ. ಮೇಲೆ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ, ಚಾಲುಕ್ಯ ಮಂಗಲೇಶನ ಶಾಸನವಿದೆ. ಈ ಒಂದನೆಯ ಗುಹೆ ಅದಕ್ಕಿಂತಲೂ ಹಳೆಯದು ಅನ್ನುತ್ತಾರೆ. ಬಲಬದಿಯ ಕೆಂಪು ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ. ಗೈಡ್ ಒಬ್ಬರು ಪ್ರವಾಸಿಗಳಿಗೆ ಎಡದ ಕೈ, ಬಲದ ಕೈ ಜೋಡಿಸಿ 81 ಭಂಗಿಗಳ ಲೆಕ್ಕ ಒಪ್ಪಿಸುತ್ತಿದ್ದಾರೆ. ನಿಮ್ಮ ಕೈಯೂ ಆ ಕೈಗಳಿಗೇ ತುಡಿಯುತ್ತದೆ. ಬೆರಳು, ಬಳೆ, ತ್ರಿಶೂಲ, ಎಲ್ಲವೂ ಕರೆಯುತ್ತವೆ. ಹಾಳೆಯ ಮೂಲೆಯಲ್ಲಿ ಬರೆದದ್ದು ‘ದೊಡ್ಡದು ಮೊದಲು’ ಅಂತ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಅಡ್ಡ ಹಿಡಿದು ಭುಜಗಳ ಓರೆ ಅಳೆಯುತ್ತೀರಿ, ಆಮೇಲೆ ಸೊಂಟದ್ದು. ಕಿರೀಟದಿಂದ ಪಾದದವರೆಗೆ ಒಂದು ಬಾಗಿದ ಗೆರೆ. ಮೈಯ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ? ಅಲ್ಲಿಂದ ನೇರ ಮೇಲಕ್ಕೆ ಹೋದರೆ ತಲೆ ಎಲ್ಲಿ ಬರುತ್ತದೆ? ತಪ್ಪಿದೆ. ಗೆರೆ ಬಿಟ್ಟು, ಪಕ್ಕದಲ್ಲೇ ಇನ್ನೊಂದು.

ಹಿಂದೆ ಯಾರೋ ಬಗ್ಗಿ ನೋಡುತ್ತಿದ್ದಾರೆ. ರುಮಾಲು ಸುತ್ತಿದ ಹಿರಿಯರು, ಮೊಮ್ಮಗನ ಕೈ ಹಿಡಿದಿದ್ದಾರೆ.

“ಎಷ್ಟ ಕೈ ಮುಗದ್ವು?”

“ಇನ್ನ ಒಂದೂ ಇಲ್ರಿ ಅಜ್ಜಾ. ನಡಾ ಅಷ್ಟ ಆಗೈತಿ.”

“ಇನ್ನೊಂದ ತಾಸಿಗೆ ನಮ್ಮ ಬಸ್ಸೈತಿ,” ಅಂದರು ಅಜ್ಜ, ಮೊಮ್ಮಗನನ್ನು ಮೆಟ್ಟಿಲ ಮೇಲೆ ಕೂಡಿಸುತ್ತ. “ಒಂದರ ಕೈ ಆಗ್ಲಿ, ನೋಡೇ ಹೋಗೂಣು.”