ಕೋಡಿಯಲ್ಲಿ ಬೆವರು, ಘಾಟಿಯಲ್ಲಿ ನಡುಕ

ನಮ್ಮ ಕೋಡಿಯಲ್ಲಿ ಚಳಿಯ ಮಾತೆತ್ತಿದರೆ ಜನ ನಗ್ತಾರೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿ. ನಡುವಿನ ಈ ಮರಳು ಪಟ್ಟಿಯಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ಬೇಕು. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದವನು, ಸೈಕಲ್ಲಿನಲ್ಲಿ ಬಾಳೆಬರೆ ಘಾಟಿ ಹತ್ತಿ ಬರ್ತೇನೆ ಅಂತ ಹೊರಟಾಗ ಅಮ್ಮಮ್ಮ ಬ್ಯಾಗಿಗೆ ಉಲ್ಲನ್ ಟೊಪ್ಪಿ ತುರುಕಿದ್ದು ನೋಡಿ ನಗು ಬಂತು.

"ಕೆಮಿ ಮುಚ್ಕಣ್ ಮಗಾ, ಮೇಲ್ ಚಳಿ ಇರತ್ತ್" ಅಂದರು.

"ಇದೆಂತ ಕಾಶ್ಮೀರವಾ ಅಮ್ಮಮ್ಮ?" ಅಂದು ಟೊಪ್ಪಿಯನ್ನು ಜಗಲಿಯಲ್ಲೇ ಬಿಟ್ಟು ಹೊರಟೆ.

ಕುಂದಾಪುರ ಪೇಟೆ ದಾಟಿ ಬಸ್ರೂರು, ಕಂಡ್ಲೂರು, ಅಂಪಾರು, ಸಿದ್ದಾಪುರ. ನಮ್ಮ ಮನೆ ಹತ್ತಿರ ಕಡಲು ಸೇರುವ ನೀರಿನಲ್ಲಿ ವಾರಾಹಿಯದ್ದೂ ಪಾಲಿದೆ. ಅವಳು ಇಳಿದು ಬಂದ ದಿಕ್ಕಿಗೇ ನಾನು ಹತ್ತುತ್ತಿದ್ದೆ. ಹೊಸಂಗಡಿಯಲ್ಲಿ, ಅವಳ ನೀರಿನಿಂದ ನೆಲದಡಿಯಲ್ಲಿ ವಿದ್ಯುತ್ ತೆಗೆಯುವ ಊರಲ್ಲಿ, ಚಾ ಕುಡಿದು ಘಾಟಿ ಶುರು ಮಾಡಿದೆ. ಮಾಸ್ತಿಕಟ್ಟೆ ಮುಟ್ಟುವಾಗ ಬೆವರು ಇಳಿದು ಸಾಕ್ಸ್ ಒದ್ದೆ ಮುದ್ದೆ. ರಾತ್ರಿ ಗೆಳೆಯನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ನೋಡಿದರೆ ಸಾಕ್ಸ್ ಒಣಗಿರಲಿಲ್ಲ. "ಹೇಗೂ ಮತ್ತೆ ಬೆವರ್ತೇನಲ್ಲ" ಅಂತ ಅದನ್ನೇ ಹಾಕಿ, ಬೆಳಕು ಹರಿಯುವ ಮುಂಚೆ ಇಳಿಯಲು ಶುರು ಮಾಡಿದೆ.

ತಪ್ಪಾದದ್ದು ಅಲ್ಲೇ. ಇಳಿಜಾರಿನಲ್ಲಿ ಪೆಡಲ್ ತುಳಿಯುವ ಕೆಲಸವೇ ಇಲ್ಲ, ಬೆವರುವುದೆಲ್ಲಿ? ಮಂಜು ಮುಖಕ್ಕೆ ರಾಚುತ್ತಿತ್ತು. ಹತ್ತು ನಿಮಿಷಕ್ಕೆ ಕಿವಿ ಚಾಕುವಿನಲ್ಲಿ ಕೊಯ್ದ ಹಾಗೆ ನೋವು, ಇನ್ನೂ ಸ್ವಲ್ಪ ಹೊತ್ತಿಗೆ ಪಾದ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಒಂದು ತಿರುವಿನಲ್ಲಿ ಕೆಳಗಿನಿಂದ ಬಸ್ಸು ಬಂತು. ಬ್ರೇಕ್ ಒತ್ತಿ ಕಾಲು ಊರಿದೆ. ನೆಲ ತಾಗಿದ್ದೇ ತಿಳಿಯದೆ ಮಡಚಿಕೊಂಡು ಬಿದ್ದೆ. ಬಿದ್ದದ್ದು ಗುಡ್ಡದ ಬದಿಗೆ. ಇನ್ನೊಂದು ಬದಿ ಏನಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಹುಲಿಕಲ್ ಕಡೆ ಎತ್ತರ ಸುಮಾರು 600 ಮೀಟರ್, ಅಂದರೆ ಹೆಚ್ಚೆಂದರೆ ನಾಲ್ಕು ಡಿಗ್ರಿ ವ್ಯತ್ಯಾಸ. ನನ್ನನ್ನು ಬೀಳಿಸಿದ್ದು ಅದಲ್ಲ. ಒದ್ದೆ ಮತ್ತು ಗಾಳಿ. ಒದ್ದೆ ಬಟ್ಟೆ ಆರುವಾಗ ಮೈಯ ಬಿಸಿಯನ್ನೇ ಕದಿಯುತ್ತದೆ. ಮೈ ತಣ್ಣಗಾದರೆ ದೇಹ ಎದೆ, ಹೊಟ್ಟೆಯನ್ನು ಕಾಪಾಡಲು ಕೈಕಾಲಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಬಿಗಿ ಶೂ ಇದ್ದರೆ ಇನ್ನೂ ಕಷ್ಟ.

ತಲೆಯದ್ದು? ದೇಹದ ಅರ್ಧ ಬಿಸಿ ತಲೆಯಿಂದಲೇ ಹೋಗುತ್ತೆ ಅಂತ ನೀವೂ ಕೇಳಿರಬಹುದು. ಅದು ನಿಜವಲ್ಲ, ತಲೆ ಅಂದರೆ ಮೈಯ ಹತ್ತರಲ್ಲಿ ಒಂದು ಪಾಲು ಅಷ್ಟೇ. ಆದರೆ ಸೈಕಲ್ ಹೆಲ್ಮೆಟ್ಟಿಗೆ ತೂತು ಇರುವುದೇ ಗಾಳಿ ಆಡಲಿ ಅಂತ. ಇಳಿಯುವಾಗ ಕಿವಿ, ಹಣೆಗೆ ಹೊಡೆತ ಖಂಡಿತ.

ಈಗ ನಾನು ಮಾಡುವುದು ಇಷ್ಟು. ಒಂದು ಜೊತೆ ಒಣ ಸಾಕ್ಸ್, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬ್ಯಾಗಿನ ಮೇಲೆಯೇ. ಬಿಗಿ ಶೂಗೆ ಎರಡು ಜೊತೆ ಸಾಕ್ಸ್ ತುರುಕುವುದಿಲ್ಲ. ರಾತ್ರಿ ಉಳಿದರೆ ಶೂ ಒಳಗೆ ಹಳೇ ಪೇಪರ್, ಒದ್ದೆ ಹೀರುತ್ತದೆ. ಹೆಲ್ಮೆಟ್ ಅಡಿಗೆ ಕಿವಿ ಮುಚ್ಚುವಂತೆ ತೆಳು ಬಫ್. ದಪ್ಪ ಟೊಪ್ಪಿ ಹಾಕಿದರೆ ಹೆಲ್ಮೆಟ್ ಸರಿ ಕೂರುವುದಿಲ್ಲ, ಹಾರ್ನ್ ಕೂಡ ಕೇಳುವುದಿಲ್ಲ. ಎದೆಗೆ ಗಾಳಿ ತಡೆಯುವ ಜಾಕೆಟ್. ಇಲ್ಲವಾದರೆ ಅಂಗಿಯೊಳಗೆ ಪೇಪರ್. ಹಿಂದೆ ಟೂರ್ ಡಿ ಫ್ರಾನ್ಸ್ ಸವಾರರೂ ಬೆಟ್ಟದ ತುದಿಯಲ್ಲಿ ಹೀಗೇ ಮಾಡುತ್ತಿದ್ದರು. ಎದೆ ಬೆಚ್ಚಗಿದ್ದರೆ ಪಾದಕ್ಕೂ ರಕ್ತ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಹತ್ತುವಾಗ ಇವೆಲ್ಲ ಬ್ಯಾಗಿನಲ್ಲೇ ಇರಲಿ. ಚಳಿ ಆದ ಮೇಲೆ ಅಲ್ಲ, ಇಳಿಯುವ ಮುಂಚೆ ಹಾಕಬೇಕು. ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಸೈಕಲ್ ಹೊಡೆಯುವ ಬೆಂಗಳೂರಿನವರಿಗೂ ಇದೇ ಮಾತು.

ಈ ಜನವರಿಯಲ್ಲಿ ಮತ್ತೆ ಹೋಗಿದ್ದೆ. ಘಾಟಿಯ ಚಂಡಿಕಾಂಬಾ ಗುಡಿ ಎದುರು ಬಸ್ಸು, ಲಾರಿಯವರು ಕೈ ಮುಗಿಯಲು ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿ ಕೈ ಮುಗಿದು, ಅಲ್ಲೇ ರಸ್ತೆ ಬದಿಗೆ ಕೂತು ಸಾಕ್ಸ್ ಬದಲಿಸಿದೆ, ಕಿವಿ ಮುಚ್ಚಿಕೊಂಡೆ. ಕೋಡಿ ಮುಟ್ಟಿದಾಗ ಬಿಸಿಲು ಏರಿತ್ತು, ಅಮ್ಮಮ್ಮ ಜಗಲಿಯಲ್ಲಿ ಕಾಯುತ್ತಿದ್ದರು. ಬಫ್ ತೆಗೆಯದೆ ಹಾಗೇ ಎದುರು ನಿಂತೆ.

"ಈಗ್ ಬುದ್ಧಿ ಬಂತಾ?" ಅಂತ ಕೇಳಿ, ಚಾ ಮಾಡಲು ಒಳಗೆ ಹೋದರು.