ದಾರಿಯ ನಡುವೆ ಒಂದು ರಾತ್ರಿ

ದೂರದ ಪ್ರಯಾಣದಲ್ಲಿ ತಲುಪಬೇಕಾದ ಊರೇ ಮುಖ್ಯವೆಂದು ಬಹುಮಂದಿ ಭಾವಿಸುತ್ತಾರೆ. ನಡುವೆ ಎಲ್ಲಿ ಇಳಿಯಬೇಕೆಂಬುದೂ ಅಷ್ಟೇ ಮುಖ್ಯವೆಂಬುದನ್ನು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೀಟರ್ ಗೇಜಿನ ಕಾಲದಲ್ಲಿ ಹುಬ್ಬಳ್ಳಿಯ ಕಡೆಗೆ ಹೊರಟ ನಮ್ಮೂರಿನವರು ಬೀರೂರಿನಲ್ಲಿ ಇಳಿದು, ಹೋಲ್ಡಾಲಿನ ಮೇಲೆ ಕುಳಿತು, ಮುಂದಿನ ಗಾಡಿಗಾಗಿ ಕಾಯುತ್ತಿದ್ದುದು ಹಳಬರಿಗೆಲ್ಲ ನೆನಪಿದೆ. “ಗಾಡಿ ತಪ್ಪಿದರೂ ಊಟ ನಿದ್ರೆ ತಪ್ಪದಂಥ ಕಡೆ ಇಳಿಯಬೇಕು” ಎಂಬುದು ನಮ್ಮ ತಂದೆಯವರು ಆ ಬೀರೂರಿನಲ್ಲಿ ಕಲಿತ ಸೂತ್ರ. ಅದೇ ಸೂತ್ರವು ಒಂದು ದಿನ ಜರ್ಮನಿಯಲ್ಲಿ ನಮ್ಮ ಕೈಹಿಡಿದೀತೆಂದು ಅವರಾಗಲಿ ನಾವಾಗಲಿ ಎಣಿಸಿರಲಿಲ್ಲ.

ಸಂಗತಿ ಇಷ್ಟೇ. ನನ್ನ ಮಗಳ ಸಂಸಾರ ವಿಯೆನ್ನಾ ನಗರದಲ್ಲಿದೆ. ತಂಗಿಯ ಮಗ ಪ್ಯಾರಿಸಿನಲ್ಲಿದ್ದಾನೆ. ಮೊದಲು ಅವನನ್ನು ನೋಡಿಕೊಂಡು, ಅಲ್ಲಿಂದ ರೈಲಿನಲ್ಲಿ ವಿಯೆನ್ನಾಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಹೊರಡುವವರು ನಾಲ್ವರು: ನಾನು, ನನ್ನ ಹೆಂಡತಿ, ಮಗ, ಮತ್ತು ಎಪ್ಪತ್ತೊಂಬತ್ತು ವರ್ಷದ ನಮ್ಮ ತಂದೆಯವರು. ಪ್ಯಾರಿಸಿನಿಂದ ವಿಯೆನ್ನಾಕ್ಕೆ ಒಂದೇ ಹಗಲಿನಲ್ಲಿ ಹೋಗುವುದು ಅಸಾಧ್ಯವೇನಲ್ಲ. ಆದರೆ ಮಂಡಿನೋವಿರುವ ವೃದ್ಧರನ್ನು ಹನ್ನೊಂದು ಹನ್ನೆರಡು ಗಂಟೆ ಕುಳ್ಳಿರಿಸುವುದು ನ್ಯಾಯವಲ್ಲ. ಆದುದರಿಂದ ನಡುವೆ, ಜರ್ಮನಿಯಲ್ಲಿ, ಒಂದು ರಾತ್ರಿ ತಂಗಬೇಕು. ಎಲ್ಲಿ?

ನ್ಯೂ ಟೌನಿನ ನಮ್ಮ ಮನೆಯ ನಡುಮನೆಯಲ್ಲಿ ಭೂಪಟ ಹರಡಿತು. ಮಗ ಹೈಡೆಲ್‌ಬರ್ಗ್ ಎಂದ. ಹಳೆಯ ವಿಶ್ವವಿದ್ಯಾಲಯ, ಬೆಟ್ಟದ ಮೇಲೆ ಪಾಳುಬಿದ್ದ ಕೋಟೆ, ಕೆಳಗೆ ನೆಕಾರ್ ನದಿ. ಚಿತ್ರದಲ್ಲಿ ನೋಡಿದರೆ ಯಾರಿಗಾದರೂ ಮನಸ್ಸಾಗಬೇಕು. ಆದರೆ ಅಲ್ಲಿ ರೈಲು ನಿಲ್ದಾಣಕ್ಕೂ ಹಳೆಯ ಪೇಟೆಗೂ ಎರಡು ಕಿಲೋಮೀಟರಿಗಿಂತ ಹೆಚ್ಚು ಅಂತರ. ನನ್ನ ಹೆಂಡತಿ ನ್ಯೂರೆಂಬರ್ಗ್ ಎಂದಳು. ಆಕೆಯ ವಾದ ಗಟ್ಟಿಯಾಗಿತ್ತು: ಫ್ರಾಂಕ್‌ಫರ್ಟಿನಿಂದ ವಿಯೆನ್ನಾಕ್ಕೆ ಹೋಗುವ ಗಾಡಿ ಆ ಊರಿನ ಮೇಲೆಯೇ ಹಾಯುತ್ತದೆ, ನಿಲ್ದಾಣದಿಂದ ಹೊರಬಿದ್ದು ರಸ್ತೆ ದಾಟಿದರೆ ಎದುರಿಗೇ ಹಳೆಯ ಕೋಟೆಗೋಡೆ. ಜರ್ಮನಿಯ ಮೊದಲ ಉಗಿಬಂಡಿ ೧೮೩೫ರಲ್ಲಿ ಅಲ್ಲಿಂದಲೇ ಫ್ಯೂರ್ತ್ ಎಂಬ ನೆರೆಯೂರಿಗೆ ಓಡಿತೆಂಬ ಗೌರವವೂ ಅದಕ್ಕೆ ಸೇರಿದೆ. ಮಾತು ಬಹುಮಟ್ಟಿಗೆ ಮುಗಿದಂತೆಯೇ ಆಗಿತ್ತು.

ಆಗ ತಂದೆಯವರು ಮೊಮ್ಮಗನನ್ನು ಕರೆದು, “ಮೊನ್ನೆ ನಿನ್ನ ಫೋನಿನಲ್ಲಿ ಒಂದು ಕುಲುಮೆಯ ಚಿತ್ರ ತೋರಿಸಿದೆಯಲ್ಲ, ಆ ಊರು ಈ ದಾರಿಯಲ್ಲಿ ಬರುತ್ತದೆಯೇ?” ಎಂದು ಕೇಳಿದರು.

ಆ ಊರು ಫೋಕ್ಲಿಂಗೆನ್. ಜರ್ಮನಿಯ ಪಶ್ಚಿಮ ಅಂಚಿನಲ್ಲಿ, ಫ್ರಾನ್ಸಿನ ಗಡಿಗೆ ಅಂಟಿಕೊಂಡಿರುವ ಸಾರ್‌ಲ್ಯಾಂಡ್ ಸೀಮೆಗೆ ಸೇರಿದುದು. ೧೮೭೩ರಲ್ಲಿ ಆರಂಭವಾದ ಅಲ್ಲಿಯ ಕಬ್ಬಿಣದ ಕಾರ್ಖಾನೆ ೧೯೮೬ರಲ್ಲಿ ನಿಂತಿತು. ಆದರೆ ಅದನ್ನು ಒಡೆದು ಗುಜರಿಗೆ ಹಾಕಲಿಲ್ಲ. ಆರು ಊದುಕುಲುಮೆಗಳ ಸಾಲನ್ನು ಇದ್ದಂತೆಯೇ ಉಳಿಸಿದರು. ೧೯೯೪ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಓದುಗರು ಇಲ್ಲಿ ನಮ್ಮೂರಿನ ಕಥೆಯನ್ನು ಸ್ವಲ್ಪ ಕೇಳಬೇಕು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಲಿನಿಂದ ಕರಗಿಸುವ ಕುಲುಮೆ ೧೯೨೩ರ ಜನವರಿಯಲ್ಲಿ ಇಲ್ಲಿ ಹೊತ್ತಿಕೊಂಡಾಗ ಆ ಹೆಸರು ಹೊಸ ಅರ್ಥದಲ್ಲಿ ನಿಜವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು, ನಷ್ಟದಲ್ಲಿದ್ದುದನ್ನು ನೆಲೆಗೆ ತಂದರು. ಮುಂದೆ ಅವರ ಹೆಸರೇ ಕಾರ್ಖಾನೆಗೆ ಬಂದಿತು. ನೂರು ವರ್ಷ ತುಂಬಿದ ೨೦೨೩ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಕಾರ್ಮಿಕರು ಧರಣಿ ಕುಳಿತರು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕಬ್ಬಿಣದ ಸರಳುಗಳನ್ನು ಮಾಡುವ ವಿಭಾಗ ಮತ್ತೆ ಚಲಿಸಿತು. ಅದಿರು ಕರಗಿಸುವ ಕುಲುಮೆ ಮಾತ್ರ ತಣ್ಣಗೇ ಉಳಿಯಿತು. ಅದಕ್ಕೂ ಮೊದಲೇ ೧೯೩೬ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ನಿಂತಿತ್ತು.

ನಮ್ಮ ತಂದೆಯವರು ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಆ ಕುಲುಮೆಗಳ ಮುಂದೆ ದುಡಿದವರು. ಅವರು ಕೇಳಿದ ಮೇಲೆ ಹೈಡೆಲ್‌ಬರ್ಗಿನ ಕೋಟೆಯೂ ನ್ಯೂರೆಂಬರ್ಗಿನ ಗೋಡೆಯೂ ಭೂಪಟದಲ್ಲಿಯೇ ಉಳಿದವು.

ಇನ್ನು ಏರ್ಪಾಡಿನ ಮಾತು. ಇಂಥ ಪ್ರಯಾಣ ಕೈಗೊಳ್ಳುವ ಕುಟುಂಬಗಳಿಗೆ ಉಪಯೋಗವಾದೀತೆಂದು ಕೆಲವು ವಿವರಗಳನ್ನು ಹೇಳುತ್ತೇನೆ.

ಮೊದಲನೆಯದು ವೀಸಾ. ಷೆಂಗೆನ್ ಒಪ್ಪಂದದ ದೇಶಗಳಿಗೆಲ್ಲ ಒಂದೇ ವೀಸಾ ಸಾಕು; ಆದರೆ ಹೆಚ್ಚು ದಿನ ಎಲ್ಲಿರುವಿರೋ ಆ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ನಾವು ಇಳಿಯುವುದು ಫ್ರಾನ್ಸಿನಲ್ಲಾದರೂ ಬಹುದಿನ ಇರುವುದು ಆಸ್ಟ್ರಿಯದಲ್ಲಿ. ಆದುದರಿಂದ ಅರ್ಜಿ ಆಸ್ಟ್ರಿಯಕ್ಕೇ ಹೋಯಿತು. ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆಯೂ ಬೇಕು.

ಎರಡನೆಯದು ಟಿಕೆಟ್ಟು. ಜರ್ಮನ್ ರೈಲಿನಲ್ಲಿ ಮುಂಚಿತವಾಗಿ ಕೊಂಡರೆ ಅಗ್ಗವಾಗಿ ಸಿಕ್ಕುವ ಟಿಕೆಟ್ಟಿಗೆ ‘ಸ್ಪಾರ್‌ಪ್ರೈಸ್’ ಎಂದು ಹೆಸರು. ಅದರಲ್ಲಿ ನಮೂದಿಸಿದ ಗಾಡಿಯನ್ನೇ ಹತ್ತಬೇಕು. ಇಳಿದು ಊರು ನೋಡಿ ಮುಂದಿನ ಗಾಡಿ ಹತ್ತುತ್ತೇವೆಂದರೆ ಆಗದು. ಹಾಗೆ ಸ್ವತಂತ್ರವಾಗಿ ತಿರುಗಬೇಕೆನ್ನುವವರು ದುಬಾರಿಯಾದ ‘ಫ್ಲೆಕ್ಸ್‌ಪ್ರೈಸ್’ ಟಿಕೆಟ್ಟು ಕೊಳ್ಳಬೇಕು. ನಾವು ಪ್ರಯಾಣವನ್ನು ಎರಡು ತುಂಡು ಮಾಡಿ, ಎರಡು ಅಗ್ಗದ ಟಿಕೆಟ್ಟು ಕೊಂಡೆವು. ಜಾಣತನವೇ, ಆದರೆ ಒಂದು ಎಚ್ಚರಿಕೆ. ಒಂದೇ ಟಿಕೆಟ್ಟಿನೊಳಗೆ ಬದಲಾಯಿಸಬೇಕಾದ ಗಾಡಿ, ಹಿಂದಿನ ಗಾಡಿಯ ವಿಳಂಬದಿಂದ ತಪ್ಪಿದರೆ ರೈಲ್ವೆಯೇ ಹೊಣೆ, ಬೇರೆ ಗಾಡಿ ಹತ್ತಬಹುದು. ಬೇರೆ ಬೇರೆ ಟಿಕೆಟ್ಟುಗಳ ನಡುವೆ ತಪ್ಪಿದರೆ ಹೊಣೆ ನಮ್ಮದು. ನಡುವೆ ಒಂದಿಡೀ ರಾತ್ರಿಯಿದ್ದರೆ ಆ ಭಯವಿಲ್ಲ. ತಂಗುವ ರಾತ್ರಿ ಬರಿಯ ವಿಶ್ರಾಂತಿಯಲ್ಲ, ವಿಮೆಯೂ ಹೌದು.

ಜರ್ಮನರ ರೈಲು ಗಡಿಯಾರದಂತೆ ನಡೆಯುತ್ತದೆಂದು ನಾವೆಲ್ಲ ಕೇಳಿ ಬೆಳೆದವರಷ್ಟೆ? ೨೦೨೪ರಲ್ಲಿ ಅವರ ದೂರಪ್ರಯಾಣದ ಗಾಡಿಗಳಲ್ಲಿ ವೇಳೆಗೆ ಸರಿಯಾಗಿ ನಿಲ್ದಾಣ ಮುಟ್ಟಿದವು ನೂರಕ್ಕೆ ಅರವತ್ತೆರಡರಷ್ಟು ಮಾತ್ರ. ಆರು ನಿಮಿಷದೊಳಗಿನ ವಿಳಂಬವನ್ನು ಅವರು ವಿಳಂಬವೆಂದು ಲೆಕ್ಕಿಸುವುದೇ ಇಲ್ಲವೆಂಬುದನ್ನೂ ಮರೆಯಬಾರದು. ಇದನ್ನು ಕೇಳಿದಾಗ ಬೀರೂರಿನ ಬಗ್ಗೆ ನಮಗಿದ್ದ ಹಳೆಯ ಸಿಟ್ಟು ಎಷ್ಟೋ ಇಳಿಯಿತು. ಆದುದರಿಂದ ಗಾಡಿ ಬದಲಾಯಿಸುವ ಕಡೆಗಳಲ್ಲಿ ಹತ್ತು ನಿಮಿಷದ ಅಂತರವನ್ನು ನಂಬದೆ, ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಿರಿ.

ಮೂರನೆಯದು ಹೊತ್ತು. ಸಾಯಂಕಾಲ ಬಂದು ಮಲಗಿ, ಬೆಳಗ್ಗೆ ಊರು ನೋಡಿ ಹೊರಡುವುದು ವಾಡಿಕೆ. ನಾವು ಅದನ್ನು ತಿರುವುಮುರುವು ಮಾಡಿದೆವು. ಪ್ಯಾರಿಸಿನಿಂದ ಬೆಳಗಿನ ಗಾಡಿ ಹತ್ತಿದರೆ ಎರಡು ಗಂಟೆಯೊಳಗೆ ಸಾರ್‌ಬ್ರೂಕೆನ್. ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಪೆಟ್ಟಿಗೆಗಳನ್ನಿಟ್ಟು, ಅಲ್ಲಿಂದ ಹತ್ತು ನಿಮಿಷದ ಸ್ಥಳೀಯ ಗಾಡಿಯಲ್ಲಿ ಫೋಕ್ಲಿಂಗೆನ್. ಕಾರ್ಖಾನೆ ಆ ನಿಲ್ದಾಣದ ಮಗ್ಗುಲಲ್ಲಿಯೇ ಇದೆ. ಮಧ್ಯಾಹ್ನವೆಲ್ಲ ನೋಡಿ, ರಾತ್ರಿ ಮಲಗಿ, ಮರುದಿನ ಬೆಳಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಿಯೆನ್ನಾ.

ಕೊನೆಯದಾಗಿ ಊಟ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ನಿಲ್ದಾಣಗಳ ಒಳಗಿನವು ಮಾತ್ರ ತೆರೆದಿರುತ್ತವೆ. ಹಾಲಿನಿಂದ ಮಾಡಿದ ಪದಾರ್ಥಗಳನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲವಾದುದರಿಂದ ಮೊಮ್ಮಗಳಿಗೆಂದು ಮಾಡಿಸಿದ ಪೇಡ ಮನೆಯಲ್ಲಿಯೇ ಉಳಿಯಿತು. ಚಕ್ಕುಲಿ, ಹುರಿದ ಅವಲಕ್ಕಿ, ಚಟ್ನಿಪುಡಿ ಜೊತೆಗೆ ಬಂದವು.

ಫೋಕ್ಲಿಂಗೆನ್ನಿನಲ್ಲಿ ಇಳಿದಾಗ ಮಧ್ಯಾಹ್ನ. ತುಕ್ಕು ಹಿಡಿದ ಕೊಳವೆಗಳು ದೈತ್ಯನ ಕರುಳಿನಂತೆ ಆಕಾಶಕ್ಕೆ ಹೆಣೆದುಕೊಂಡಿದ್ದವು. ನನಗೂ ಹೆಂಡತಿಗೂ ಅದು ಕಬ್ಬಿಣದ ಕಾಡು. ತಂದೆಯವರಿಗೆ ಮಾತ್ರ ಪರಿಚಯದ ಬೀದಿ. “ಅದಿರು ಮೇಲೆ ಹೋಗುವುದು ಇಲ್ಲಿ. ಬಿಸಿಗಾಳಿ ಬರುವುದು ಆ ಕಡೆಯಿಂದ. ಕಬ್ಬಿಣ ಇಳಿಯುವುದು ಇಲ್ಲಿ, ಬೂದಿಕಿಟ್ಟ ಅಲ್ಲಿ” ಎಂದು ಕೋಲು ತೋರಿಸುತ್ತ ನಡೆದರು. ಗೋಡೆಯ ಫಲಕಗಳಲ್ಲಿದ್ದ ಜರ್ಮನ್ ಭಾಷೆ ಅವರಿಗೆ ಬೇಕಾಗಲಿಲ್ಲ. ಬೃಹತ್ ಗಾಲಿಗಳು ನಿಂತಿರುವ ಗಾಳಿಯಂತ್ರದ ಶಾಲೆಯಲ್ಲಿ ಬಹಳ ಹೊತ್ತು ಕುಳಿತರು. ಮಹಾಯುದ್ಧಗಳ ಕಾಲದಲ್ಲಿ ಇಲ್ಲಿ ಬಲಾತ್ಕಾರವಾಗಿ ದುಡಿಸಲ್ಪಟ್ಟವರಿಗಾಗಿ ಒಂದು ಸ್ಮಾರಕವನ್ನೂ ಒಳಗೆ ನಿರ್ಮಿಸಿದ್ದಾರೆ. ಅದರ ಮುಂದೆ ಅವರು ಚಪ್ಪಲಿ ಬಿಡಲು ಹೋದರು. ಮೊಮ್ಮಗ, “ಇಲ್ಲಿ ಬಿಡಬೇಕಾಗಿಲ್ಲ ತಾತ” ಎಂದ. ಅವರು ಬಿಟ್ಟೇ ಒಳಗೆ ಹೋದರು.

ನೆಲದಿಂದ ೪೫ ಮೀಟರ್ ಎತ್ತರದಲ್ಲಿ, ಕುಲುಮೆಯ ನೆತ್ತಿಯ ಮೇಲೆ, ನೋಡುವವರಿಗಾಗಿ ಒಂದು ಜಗಲಿಯಿದೆ. ನಾವು ಮೂವರು ಹತ್ತಿದೆವು. ಮೇಲಿನಿಂದ ನೋಡಿದರೆ ಕೆಳಗೆ ತಂದೆಯವರು ಕುಲುಮೆಯ ಹೊಟ್ಟೆಯ ಬಳಿ ನಿಂತು, ಅಂಗೈಯನ್ನು ಅದರ ಮೇಲಿಟ್ಟಿದ್ದುದು ಕಾಣಿಸಿತು; ಮಗುವಿಗೆ ಜ್ವರ ಇಳಿದಿದೆಯೇ ಎಂದು ನೋಡುವವರ ಹಾಗೆ.

ಇಳಿದು ಬಂದ ಮೇಲೆ ನಾನು, “ನಮ್ಮೂರಿನಲ್ಲಿಯೂ ಹೀಗೆ ಉಳಿಸಬಹುದಲ್ಲವೇ ಅಪ್ಪ?” ಎಂದೆ. ಅದು ಅವರಿಗೆ ಸಮಾಧಾನ ತಂದೀತೆಂದೇ ನಾನು ಎಣಿಸಿದ್ದೆ.

ಅವರು ಬೇಗ ಉತ್ತರ ಕೊಡಲಿಲ್ಲ. “ಉಳಿಸುವುದು ಒಳ್ಳೆಯದೇ. ಇಷ್ಟು ಅಚ್ಚುಕಟ್ಟಾಗಿ ಉಳಿಸಿದ್ದಾರೆ, ಗುಜರಿಗೆ ಹಾಕಲಿಲ್ಲ, ದೊಡ್ಡ ಮಾತು. ಆದರೆ ಇಲ್ಲಿ ದುಡಿದವರ ಮಕ್ಕಳು ಎಲ್ಲಿಗೆ ಹೋದರೋ, ಅದನ್ನು ಯಾವ ಫಲಕದಲ್ಲಿ ಬರೆದಿದ್ದಾರೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮೊಮ್ಮಕ್ಕಳೇ ವಿಯೆನ್ನಾ, ಪ್ಯಾರಿಸುಗಳಿಗೆ ಹೋಗಿರುವುದು ನೆನಪಾಗಿ ಸುಮ್ಮನಾದೆ.

ಆ ರಾತ್ರಿ ಸಾರ್‌ಬ್ರೂಕೆನ್ನಿನ ಹೋಟೆಲಿನಲ್ಲಿ ಅವಲಕ್ಕಿ ತಿಂದು ಬೇಗ ಮಲಗಿದರು. ಮರುದಿನ ಫ್ರಾಂಕ್‌ಫರ್ಟಿನಲ್ಲಿ ಗಾಡಿ ಬದಲಾಯಿಸಿ ಪೂರ್ವಕ್ಕೆ ಹೊರಟೆವು. ನ್ಯೂರೆಂಬರ್ಗಿನ ನಿಲ್ದಾಣವನ್ನು ನನ್ನ ಹೆಂಡತಿ ಕಿಟಕಿಯಿಂದಲೇ ನೋಡಿ ತೃಪ್ತಳಾದಳು. ಪಾಸೌ ದಾಟಿ ಆಸ್ಟ್ರಿಯ ಸೇರಿ, ಸಂಜೆಯ ಬಿಸಿಲಿನಲ್ಲಿ ಗಾಡಿ ಒಂದು ನಿಲ್ದಾಣದಲ್ಲಿ ನಿಂತಿತು. ತೂಕಡಿಸುತ್ತಿದ್ದ ತಂದೆಯವರು ಫಲಕ ನೋಡಿ ಎದ್ದು ಕುಳಿತರು. ಲಿಂಟ್ಸ್!

“ನಮ್ಮ ಎಲ್.ಡಿ.ಯ ಎಲ್ ಇದೇ!” ಎಂದು ಮೊಮ್ಮಗನ ಭುಜ ಹಿಡಿದರು. ದ್ರವಗಬ್ಬಿಣಕ್ಕೆ ಆಮ್ಲಜನಕ ಊದಿ ಉಕ್ಕು ಮಾಡುವ ಎಲ್.ಡಿ. ಪದ್ಧತಿ ೧೯೫೨ರಲ್ಲಿ ಈ ಲಿಂಟ್ಸ್ ಊರಿನಲ್ಲಿಯೂ, ಮರುವರ್ಷ ಡೊನಾವಿಟ್ಸ್ ಎಂಬಲ್ಲಿಯೂ ಬಳಕೆಗೆ ಬಂದು, ಆ ಎರಡು ಊರುಗಳ ಮೊದಲಕ್ಷರವನ್ನೇ ಹೆಸರಾಗಿ ಪಡೆಯಿತು. ಮುಂದೆ ಅದು ಭದ್ರಾವತಿಗೂ ಬಂದಿತು. ಬದುಕಿನುದ್ದಕ್ಕೂ ಉಚ್ಚರಿಸಿದ ಎರಡಕ್ಷರಗಳಲ್ಲಿ ಒಂದು ಹೀಗೆ ನಿಲ್ದಾಣದ ಫಲಕವಾಗಿ ಎದುರು ನಿಂತಿತ್ತು.

“ಇಲ್ಲಿಯ ಕುಲುಮೆ ಉರಿಯುತ್ತಿದೆಯೇನೋ?” ಎಂದು ಕೇಳಿದರು.

ಮಗ ಫೋನಿನಲ್ಲಿ ನೋಡಿ, “ಉರಿಯುತ್ತಿದೆ ತಾತ” ಎಂದ.

“ಸರಿ” ಎಂದರು. ಗಾಡಿ ಹೊರಟಿತು. ವಿಯೆನ್ನಾ ಬರುವವರೆಗೂ ಅವರು ಮತ್ತೆ ತೂಕಡಿಸಲಿಲ್ಲ.